ಒಂದು, ಎರಡು, ಮೂರು... ಅನ್ನೋ ಮುಂಚೆ

"ನಿಲ್ಲಿಸ್ರೀ! ನಿಮ್ಮ ಕುರ್ಚಿ ಕಿರುಗುಡ್ತಾ ಇದೆ!"

ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ಕೂತಿದ್ದವನು ಗಿಟಾರಿನಿಂದ ಕೈ ತೆಗೆದು ಬೆಚ್ಚಿ ನೋಡಿದ. ಬಂದು ಹತ್ತು ನಿಮಿಷವಾಗಿತ್ತಷ್ಟೆ, ಅಷ್ಟರಲ್ಲಿ ಇದು ನಾಲ್ಕನೇ ಬೈಗುಳ. ಮೊದಲು ಕೈಗಡಿಯಾರ ಬಿಚ್ಚಿಸಿದ್ದಳು. ಆಮೇಲೆ ಚಪ್ಪಲಿ. ಆಮೇಲೆ ಅಂಗಿಯ ಗುಂಡಿ ಗಿಟಾರಿಗೆ ತಾಗುತ್ತೆ ಅಂತ ಅದಕ್ಕೂ ಟೇಪ್ ಅಂಟಿಸಿದ್ದಳು.

"ಕುರ್ಚಿನೂ ಬಿಟ್ಟು ಗಾಳೀಲಿ ಕೂರ್ಲಾ ಮೇಡಂ?"

"ಆಗುತ್ತೆ ಅಂದ್ರೆ ಕೂತ್ಕೊಳ್ಳಿ!"

ಅವನು ಗೊಳ್ಳನೆ ನಕ್ಕ. ಅವಳು ಮುಖ ಗಂಟಿಕ್ಕಿಕೊಂಡೇ ಬೇರೆ ಕುರ್ಚಿ ಹುಡುಕಲು ಎದ್ದಳು. ಬಾಗಿಲ ಮರೆಗೆ ಹೋದಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ, ಅದು ಬೇರೆ ಮಾತು.

ಅವಳ ಆಫೀಸಿನವರದು ಗಿಟಾರ್ ಕಲಿಯುವವರಿಗೆ ಅಂತ ಮಾಡಿದ ಆ್ಯಪ್. ಫೋನಿನಲ್ಲಿ ಹಾಕಿಕೊಂಡರೆ ಡ್ರಮ್ಸು, ಬೇಸು, ಗಿಟಾರು ಎಲ್ಲ ನುಡಿಯುತ್ತೆ. ಬೇಕಾದರೆ ಗಿಟಾರನ್ನು ಮಾತ್ರ ನಿಲ್ಲಿಸಿ ಆ ಜಾಗದಲ್ಲಿ ನಾವೇ ನುಡಿಸಬಹುದು. ತಂತಿಗಳ ಮೇಲೆ ಕೈ ಯಾವಾಗ ಕೆಳಗೆ ಹೋಗಬೇಕು, ಯಾವಾಗ ಮೇಲೆ ಬರಬೇಕು ಅನ್ನುವುದಕ್ಕೆ ಪರದೆಯ ಮೇಲೆ ಬಾಣದ ಗುರುತು. ಅದಕ್ಕೇ ಪ್ಯಾಟರ್ನ್ ಅನ್ನೋದು. ಅಂಥ ಮೂವತ್ತು ಪ್ಯಾಟರ್ನ್ ನುಡಿಸಿಕೊಡಲು ಬಂದವನು ಇವನು. ಹೆಸರಿಗೆ ಗಿಟಾರ್ ಮೇಷ್ಟ್ರು, ವಯಸ್ಸು ಮೂವತ್ತೂ ದಾಟಿರಲಿಲ್ಲ.

ಅವನು ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಹಿಂದುಮುಂದಿನ ಬೇಡದ ಸದ್ದು ಕತ್ತರಿಸಿ, ಬಾಣ ಕೂರಿಸುವುದು ಅವಳ ಕೆಲಸ. ಆಫೀಸಿನಲ್ಲಿ ಅವಳಿಗೆ 'ಕತ್ತರಿ' ಅಂತಲೇ ಅಡ್ಡಹೆಸರು. ನಾಲಿಗೆಯೂ ಹಾಗೇ ಇತ್ತು ಅನ್ನಿ.

ಮೊದಲ ದಿನವೇ ಇಬ್ಬರಿಗೂ ಜಟಾಪಟಿ.

"ನಿಮ್ಮ ಕೈ ಎಂಟು ಸಲ ಆಡ್ತು. ಸದ್ದು ಬಂದಿದ್ದು ಆರೇ ಸಲ. ನಾನು ಬಾಣ ಎಷ್ಟು ಹಾಕ್ಲಿ ಮೇಷ್ಟ್ರೇ?"

"ಆರೇ ಹಾಕಿ. ಉಳಿದ ಎರಡು ಸಲ ಕೈ ತಂತಿ ಮುಟ್ಟಲ್ಲ."

"ಮುಟ್ಟದೇ ಇದ್ಮೇಲೆ ಆಡಿಸೋದು ಯಾಕೆ? ನೊಣ ಓಡಿಸೋಕಾ?"

"ಕೈ ನಿಂತ್ರೆ ತಾಳ ತಪ್ಪುತ್ತೆ ಮೇಡಂ. ಕೇಳಿಸ್ತಿಲ್ಲ ಅಂದ್ರೆ ಕೈ ನಿಂತಿದೆ ಅಂತಲ್ಲ."

ಅವಳು ಆರೇ ಬಾಣ ಹಾಕಿದಳು. ಅವಳ ಬಾಯಿ ಮುಚ್ಚಿಸಿದ ಮೊದಲ ಗಂಡಸು ಅವನೇ.

ವಾರಕ್ಕೆರಡು ಸಲದ ಹಾಗೆ ನಾಲ್ಕು ತಿಂಗಳು ಕಳೆಯಿತು. ಅವನು ಬರುವ ದಿನ ಅವಳು ಕನ್ನಡಿ ಮುಂದೆ ಹತ್ತು ನಿಮಿಷ ಜಾಸ್ತಿ ನಿಲ್ಲುತ್ತಿದ್ದಳು. ಅವನೋ, ಒಂದು ಟೇಕಿನಲ್ಲಿ ಮುಗಿಯುವುದಕ್ಕೆ ಮೂರು ಟೇಕ್ ಕೇಳುತ್ತಿದ್ದ. ಆದರೆ ಇಬ್ಬರ ಬಾಯಿಗೂ ಬೀಗ! ಕೊನೆಕೊನೆಗೆ ಅವನ ಕೈಯಿಂದ ತಂತಿ ಮೀಟುವ ಪಿಕ್ ಜಾರಿ ಜಾರಿ ಬೀಳುತ್ತಿತ್ತು.

"ಎಲ್ಲಿದೆ ನಿಮ್ಮ ಗಮನ?" ಅಂತ ಅವಳು ಗದರಿದಾಗ ಅವನು ನಕ್ಕು ಪಿಕ್ ಎತ್ತಿಕೊಂಡಿದ್ದ.

ಇಪ್ಪತ್ಮೂರನೇ ಪ್ಯಾಟರ್ನಿನ ದಿನ ಅವಳಿಗೆ ಜ್ವರ. ಅವನು ತಾನೇ ಬಟನ್ ಒತ್ತಿಕೊಂಡು ರೆಕಾರ್ಡ್ ಮಾಡಿಟ್ಟು ಹೋಗಿದ್ದ. ಮರುದಿನ ಅವಳು ಬಂದಾಗ ತಲೆ ಸಿಡಿಯುತ್ತಿತ್ತು. ಅವನು ಯಾವಾಗಲೂ 'ಒಂದು, ಎರಡು, ಮೂರು, ನಾಲ್ಕು' ಎಣಿಸಿಯೇ ಶುರು ಮಾಡುವುದು. ಪರದೆಯ ಮೇಲೆ ಆ ನಾಲ್ಕು ಉಬ್ಬು ಎದ್ದು ಕಾಣುತ್ತೆ. ಅದಕ್ಕೆ ಮುಂಚೆ ಇರುವುದೆಲ್ಲ ಕೆಮ್ಮು, ಕುರ್ಚಿ ಸದ್ದು. ಹೆಡ್‌ಫೋನ್ ಹಾಕದೆ, ಕಣ್ಣಳತೆಯಲ್ಲೇ ಕತ್ತರಿಸಿ ಬಿಸಾಕಿದಳು.

ಹಾಗೆ ಮಾಡಬಾರದಿತ್ತು. ಕೇಳದೆ ಕತ್ತರಿಸಿದ್ದಕ್ಕೆ ಹಿಂದಿನ ತಿಂಗಳಷ್ಟೇ ಮ್ಯಾನೇಜರ್ ಅವಳ ಮುಖದ ನೀರಿಳಿಸಿದ್ದರು.

ಆ ಸಂಜೆ ಅವನು ಬಂದ. ಮ್ಯಾನೇಜರ್ ಅವಳ ಪಕ್ಕದಲ್ಲೇ ನಿಂತಿದ್ದರು.

"ಮೇಡಂ... ನಿನ್ನೇದು ಕೇಳಿದ್ರಾ?" ಅವನು ಬಾಗಿಲಲ್ಲೇ ನಿಂತು ಕೇಳಿದ.

ಮ್ಯಾನೇಜರ್ ಕಿವಿ ಇತ್ತಲೇ ಇತ್ತು. ಅವಳು ಥಟ್ಟನೆ ಅಂದಳು, "ಹ್ಞೂಂ, ಪೂರ್ತಿ ಕೇಳ್ದೆ. ಮುಂದಿದ್ದ ಕಸ ಎಲ್ಲ ಕತ್ತರಿಸಿ ಎಸೆದೆ. ಈಗ ಚೆನ್ನಾಗಿದೆ."

ಅವನು ಕೆಳಗಿಟ್ಟಿದ್ದ ಗಿಟಾರಿನ ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡ.

"ಸರಿ ಮೇಡಂ... ಒಳ್ಳೇದಾಯ್ತು."

ಅಷ್ಟೇ. ಅವನು ಮತ್ತೆ ಬರಲಿಲ್ಲ. ಏಳು ಪ್ಯಾಟರ್ನ್ ಬಾಕಿ ಉಳಿದವು. ಫೋನ್ ಮಾಡಿದರೆ ಎತ್ತಲಿಲ್ಲ. ಬೇರೆ ಯಾರನ್ನೋ ಕರೆಸಿ ಕೆಲಸ ಮುಗಿಸಿದರು.

'ನಾಲ್ಕು ದಿನ ನಕ್ಕು ಮಾತಾಡಿದ್ದಕ್ಕೆ ನಾನೇ ಏನೇನೋ ಕಲ್ಪಿಸಿಕೊಂಡೆನಲ್ಲ! ಹೇಳದೇ ಕೇಳದೇ ಹೋದನಲ್ಲ...' ಅಂತ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಎಷ್ಟು ಸಲ ಅತ್ತಳೋ ಅವಳಿಗೇ ಲೆಕ್ಕವಿಲ್ಲ.

ಮೂರು ತಿಂಗಳಾಯಿತು.

ಒಂದು ಬೆಳಿಗ್ಗೆ ಮ್ಯಾನೇಜರ್ ಕೂಗಿದರು. "ಏನಮ್ಮಾ ಕತ್ತರಿ, ಇದೇನಿದು? ಹೋದ ವಾರ 'ನಿಧಾನ' ಅಂತ ಹೊಸ ವೇಗ ಸೇರಿಸಿದ್ವಲ್ಲ, ಇಪ್ಪತ್ಮೂರನೇದು ನಿಧಾನಕ್ಕೆ ಹಾಕಿದ್ರೆ ಯಾರೋ ಗಂಡಸು ಮಾತಾಡ್ತಾನಂತೆ! ಒಬ್ಬರು ದೆವ್ವ ಅಂತ ಬರ್ದಿದಾರೆ. ಇನ್ನೊಬ್ಬರು 'ಪಾಪ, ಆಮೇಲೆ ಆ ಹುಡುಗಿ ಬಂದ್ಲಾ?' ಅಂತ ಕೇಳಿದಾರೆ. ಯಾವ ಹುಡುಗಿ? ಎಲ್ಲಿಗೆ?"

ಅವಳು ಕೂಡಲೇ ಕಂಪ್ಯೂಟರ್ ತೆರೆದಳು.

ನಿಧಾನದ ವೇಗ ಮಾಡಿದವರು ಕತ್ತರಿಸಿದ್ದನ್ನು ಬಿಟ್ಟು ಆಫೀಸಿನಲ್ಲಿ ಹಾಗೇ ಉಳಿದಿದ್ದ ಮೂಲ ರೆಕಾರ್ಡಿಂಗನ್ನೇ ಎಳೆದು ಹಾಕಿದ್ದರು. ಅವಳು ಮೊದಲು ಅದನ್ನು ಆ್ಯಪ್‌ನಿಂದ ತೆಗೆದಳು. ಆಮೇಲೆ ಮೂಲವನ್ನು ಹುಡುಕಿ, ಹೆಡ್‌ಫೋನ್ ಹಾಕಿಕೊಂಡಳು.

ಕುರ್ಚಿಯ ಸದ್ದು. ಒಂದು ಕೆಮ್ಮು. ಆಮೇಲೆ ಅವನ ದನಿ.

"ಮೇಡಂ... ನೀವು ಎದುರಿಗಿಲ್ಲ, ಅದಕ್ಕೇ ಇಷ್ಟು ಧೈರ್ಯ. ಎರಡು ತಿಂಗಳಿಂದ ಬಲಗೈ ಬೆರಳು ಜೋಮು ಹಿಡೀತಿದೆ. ಪಿಕ್ ಬಿದ್ರೆ ನೀವು ಬೈತಿದ್ರಲ್ಲ... ಅದು ಗಮನ ತಪ್ಪಿ ಅಲ್ಲ. ಮಣಿಕಟ್ಟಲ್ಲಿ ನರ ಒತ್ಕೊಂಡಿದೆಯಂತೆ. ಬರೋ ಸೋಮವಾರ ಬೆಳಿಗ್ಗೆ ಆಪರೇಷನ್. ಮೊದ್ಲಿನ ಹಾಗೆ ನುಡಿಸ್ತೀನಾ, ಡಾಕ್ಟ್ರಿಗೂ ಗೊತ್ತಿಲ್ಲ. ನುಡಿಸೋಕೆ ಬರದ ಗಿಟಾರ್ ಮೇಷ್ಟ್ರನ್ನ ಯಾರಾದ್ರೂ ಇಷ್ಟಪಡ್ತಾರಾ? ಕೇಳೋಕೇ ನಾಚಿಕೆ. ಆದ್ರೂ ಕೇಳ್ತಿದೀನಿ. ಆಗುತ್ತೆ ಅಂದ್ರೆ ಆಸ್ಪತ್ರೆಗೆ ಬನ್ನಿ, ನಿಮ್ಮ ಮುಖ ನೋಡಿ ಒಳಗೆ ಹೋಗ್ತೀನಿ. ಆಗಲ್ಲ ಅಂದ್ರೆ ಏನೂ ಹೇಳ್ಬೇಡಿ... ಇದನ್ನ ಕತ್ತರಿಸಿ ಎಸೆದ್ಬಿಡಿ. ನಾನು ಅರ್ಥ ಮಾಡ್ಕೋತೀನಿ."

ಒಂದು ನಿಟ್ಟುಸಿರು.

"ಒಂದು, ಎರಡು, ಮೂರು, ನಾಲ್ಕು..."

ಕತ್ತರಿಸಿ ಎಸೆದಿದ್ದಳು. ಎಸೆದಿದ್ದಷ್ಟೇ ಅಲ್ಲ, ಅವನ ಮುಖದ ಮೇಲೆ 'ಕಸ' ಅಂತ ಬೇರೆ ಅಂದಿದ್ದಳು! ಊರಿನ ಮಂದಿಗೆಲ್ಲ ಕೇಳಿಸಿದ ಮಾತು ಅವಳೊಬ್ಬಳಿಗೆ ಕೇಳಿಸಿರಲಿಲ್ಲ. ಮೇಜಿಗೆ ಹಣೆ ಇಟ್ಟು ಬಿಕ್ಕಿದಳು. 'ಅಯ್ಯೋ ಪಾಪಿ ನಾನು! ಒಂದು ಬೈಗುಳ ತಪ್ಪಿಸ್ಕೊಳ್ಳೋಕೆ ಹೇಳಿದ ಸುಳ್ಳು...'

ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. ಗಾಜಿನ ಕೋಣೆಗೆ ಹೋಗಿ ಹತ್ತು ನಿಮಿಷ ಬಾಗಿಲು ಹಾಕಿಕೊಂಡಳು. ಹೊರಗೆ ಬಂದವಳೇ ಬ್ಯಾಗ್ ಹೆಗಲಿಗೇರಿಸಿದಳು.

"ಎಲ್ಲಿಗೆ? ಮೊದ್ಲು ಇಪ್ಪತ್ಮೂರನೇದು ಸರಿ ಮಾಡು!" ಅಂದರು ಮ್ಯಾನೇಜರ್.

"ಅದನ್ನೇ ಸರಿ ಮಾಡೋಕೆ ಹೋಗ್ತಿದೀನಿ ಸಾರ್. ಮತ್ತೆ, ಅವತ್ತು ನಾನು ಕೇಳದೇನೇ ಕತ್ತರಿಸಿದ್ದೆ. ಬಂದಮೇಲೆ ಎಷ್ಟು ಬೇಕಾದ್ರೂ ಬೈಯಿರಿ!"

ಆಫೀಸಿನಲ್ಲಿದ್ದ ವಿಳಾಸ ಹಿಡಿದು ಹೋದಳು. ಅವನ ಮನೆಯ ಕೆಳಗೆ ಅವನ ಅಕ್ಕನ ಹೊಲಿಗೆ ಅಂಗಡಿ. ಅಕ್ಕ ಮಿಷನ್ ಮೇಲಿಂದ ತಲೆಯೆತ್ತಿ, ಇವಳು ಎಲ್ಲಿಂದ ಬಂದಳೆಂದು ಕೇಳಿ ತಿಳಿದು, ಕನ್ನಡಕ ಕೆಳಗಿಳಿಸಿದಳು.

"ಓಹೋ! ಕತ್ತರಿ ಮೇಡಂ ಅಂದ್ರೆ ನೀವೇನಾ? ನಮ್ಮಂಗಡೀಲೂ ಕತ್ತರಿ ಇದೆ ತಾಯಿ. ಬಟ್ಟೆ ಮಾತ್ರ ಕತ್ತರಿಸುತ್ತೆ."

ಅವಳು ತಲೆ ತಗ್ಗಿಸಿದಳು. "ಬೈಯಿರಿ ಅಕ್ಕಾ. ಬೈಸಿಕೊಳ್ಳೋಕೇ ಬಂದಿದೀನಿ."

ಅಕ್ಕನ ಮುಖ ಸ್ವಲ್ಪ ಮೆತ್ತಗಾಯಿತು. "ಬೈದು ಏನು ಮಾಡ್ಲಿ? ಕಸ ಅಂದ್ರಂತೆ ನೀವು. ಆದ್ರೂ ಆಪರೇಷನ್ ದಿನ, ಒಳಗೆ ಕರ್ಕೊಂಡು ಹೋಗೋವರೆಗೂ ಬಾಗಿಲನ್ನೇ ನೋಡ್ತಿದ್ದ. 'ಯಾರು ಬರ್ಬೇಕೋ?' ಅಂದ್ರೆ 'ಯಾರೂ ಇಲ್ಲಕ್ಕ' ಅಂದ. ಆಪರೇಷನ್ ಏನೋ ಚೆನ್ನಾಗೇ ಆಯ್ತು. ದಿನಾ ಕೈ ಆಡಿಸ್ಬೇಕು ಅಂದಿದಾರೆ ಡಾಕ್ಟ್ರು. ಇವನು ಎರಡು ವಾರ ಮಾಡಿ ಬಿಟ್ಟ. 'ಯಾರಿಗೋಸ್ಕರ ಆಡಿಸ್ಲಿ' ಅಂತಾನೆ. ಇನ್ನೊಂದು ತಿಂಗಳು ಹೀಗೇ ಬಿಟ್ರೆ ಬಿಗಿದೇ ಹೋಗುತ್ತಂತೆ..." ಅಂದು ಸೆರಗಿನಿಂದ ಮೂಗೊರೆಸಿಕೊಂಡಳು. "ಮೇಲಿದಾನೆ, ಹೋಗಿ."

ಅವಳು ಮೆಟ್ಟಿಲು ಹತ್ತಿದಳು.

ಅವನು ಕಿಟಕಿಯ ಬಳಿ ಹಳೇ ಕುರ್ಚಿಯಲ್ಲಿ ಕೂತು ಅಕ್ಕನ ಅಂಗಡಿಯ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದ. ಎಡಗೈಯಲ್ಲಿ! ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಗಿಟಾರು ಪೆಟ್ಟಿಗೆಯೊಳಗೆ, ಬೀರುವಿನ ನೆತ್ತಿಯ ಮೇಲೆ.

ಅವಳನ್ನು ನೋಡಿ ಎದ್ದ. ಕೈಯಿಂದ ಗುಂಡಿಗಳು ಚೆಲ್ಲಿದವು.

"ನೀವ್ಯಾಕೆ ಬಂದ್ರಿ?"

"ಮೇಷ್ಟ್ರೇ... ನಾನು ಅದನ್ನ ಕೇಳಿರ್ಲಿಲ್ಲ."

"ಪೂರ್ತಿ ಕೇಳ್ದೆ ಅಂದ್ರಿ."

"ಸುಳ್ಳು ಹೇಳ್ದೆ. ತಲೆನೋವು ಅಂತ ಕಣ್ಣಳತೇಲಿ ಕತ್ತರಿಸಿದ್ದೆ. ಮ್ಯಾನೇಜರ್ ಪಕ್ಕದಲ್ಲಿದ್ರು, ಬೈಸಿಕೊಳ್ಳೋಕೆ ಹೆದರಿ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಅಲ್ಲಿ ನಿಮ್ಮ ಮಾತಿತ್ತು ಅಂತ ಗೊತ್ತಾಗಿದ್ದೇ ಇವತ್ತು ಬೆಳಿಗ್ಗೆ..."

ಅವನು ಕಿಟಕಿ ಕಡೆ ತಿರುಗಿದ.

"ಇಷ್ಟೇನಾ? ಇಷ್ಟಕ್ಕೇನಾ ಮೂರು ತಿಂಗಳು... ನನ್ನ ಮಾತೇ ಕಸ, ನನ್ನ ಕೈಯೂ ಕಸ ಅಂದ್ಕೊಂಡು ಬದುಕಿದೀನಿ ಮೇಡಂ! ಫೋನ್ ಮಾಡಿದ್ರಿ, ಬಾಕಿ ಕೆಲಸಕ್ಕೆ ಇರ್ಬೇಕು ಅಂತ ಎತ್ಲಿಲ್ಲ."

"ನಾನು ಬಂದು ಹುಡುಕ್ಬೇಕಿತ್ತು. ಜಂಬ ಅಡ್ಡ ಬಂತು. ತಪ್ಪೆಲ್ಲ ನಂದೇ."

"ಈಗ ಎಲ್ಲ ಗೊತ್ತಾಯ್ತು, ಕನಿಕರಕ್ಕೆ ಬಂದಿದೀರಿ. ಅದು ನನಗೆ ಬೇಡ. ಹೋಗಿ."

"ಕನಿಕರಕ್ಕೆ ಬರೋಳಾಗಿದ್ರೆ ಹಣ್ಣು ತರ್ತಿದ್ದೆ ಮೇಷ್ಟ್ರೇ!" ಅಳುತ್ತಲೇ ರೇಗಿದಳು. "ನಾನು ಟ್ರ್ಯಾಕ್ ತಂದಿದೀನಿ. ಇದನ್ನ ಕೇಳಿ, ಆಮೇಲೂ ಹೋಗು ಅಂದ್ರೆ ಹೋಗ್ತೀನಿ."

ಫೋನನ್ನು ಕಿಟಕಿಯ ಮೇಲಿಟ್ಟು ಒತ್ತಿದಳು. ಕುರ್ಚಿಯ ಸದ್ದು, ಒಂದು ಬಿಕ್ಕು, ಆಮೇಲೆ ಅವಳದೇ ದನಿ.

"ಮೇಷ್ಟ್ರೇ, ಆ ಸೋಮವಾರ ಬರ್ಲಿಲ್ಲ. ಇನ್ಮೇಲೆ ಬರೋ ಸೋಮವಾರಗಳಿಗೆಲ್ಲ ಬರ್ತೀನಿ, ಮಂಗಳವಾರಗಳಿಗೂ ಬರ್ತೀನಿ. ನೀವು ನುಡಿಸ್ತೀರಿ ಅಂತ ಇಷ್ಟಪಟ್ಟಿದ್ದಲ್ಲ. ಮೊದಲ ದಿನ ನಾನು ಅಷ್ಟು ಬೈದ್ರೂ ನಕ್ರಲ್ಲ... ಅವತ್ತೇ. ಕೈ ಸರಿಹೋದ್ರೂ ಸರಿ, ಹೋಗ್ದಿದ್ರೂ ಸರಿ. ಒಂದು, ಎರಡು, ಮೂರು, ನಾಲ್ಕು..."

ಡ್ರಮ್ಸು ಶುರುವಾಯಿತು. ಜೊತೆಗೆ ಬೇಸು. ಇಪ್ಪತ್ಮೂರನೇ ಪ್ಯಾಟರ್ನೇ. ಗಿಟಾರಿನ ಜಾಗ ಮಾತ್ರ ಖಾಲಿ.

ಅವನು ಬೆನ್ನು ತಿರುಗಿಸಿ ನಿಂತೇ ಇದ್ದ. ಹೆಗಲು ಅಲುಗುತ್ತಿತ್ತು.

"ತಂತಿ ಮುಟ್ಟೋದು ಬೇಡ," ಅವಳು ಮೆಲ್ಲಗೆ ಅಂದಳು. "ಕೈ ಆಡಿದ್ರೆ ಸಾಕು. ನೀವೇ ಹೇಳಿದ್ದಲ್ವಾ?"

ಒಂದು ಸುತ್ತು ಹಾಗೇ ಹೋಯಿತು. ಎರಡನೇ ಸುತ್ತೂ ಹೋಯಿತು. ಮೂರನೇ ಸುತ್ತಿಗೆ ಅವನ ಬಲಗೈ ತೊಡೆಯ ಪಕ್ಕದಲ್ಲಿ ಸ್ವಲ್ಪವೇ ಸ್ವಲ್ಪ ಅಲುಗಿತು. ಕೆಳಗೆ... ಮೇಲೆ... ಕೆಳಗೆ... ನೋವಿಗೆ ಅವನು ಹಲ್ಲು ಕಚ್ಚಿದ. ಅವಳು ಓಡಿಹೋಗಿ ಮೊಣಕೈಗೆ ಕೈ ಆಸರೆ ಕೊಟ್ಟಳು. ಅವನು ಕೈ ಕಿತ್ತುಕೊಳ್ಳಲಿಲ್ಲ.

ಟ್ರ್ಯಾಕ್ ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಅವಳ ಆ ಮಾತು ಎರಡನೇ ಸಲ ಕೇಳಿಸುವಾಗ ಇಬ್ಬರಿಗೂ ನಾಚಿಕೆ!

"ಗಿಟಾರು ಇಳಿಸಿ ಕೊಡಿ," ಅಂದ ಅವನು.

ಅವಳು ಸ್ಟೂಲ್ ಹತ್ತಿ ಪೆಟ್ಟಿಗೆ ಇಳಿಸಿದಳು. ಮೂರು ತಿಂಗಳಿಂದ ಶ್ರುತಿ ಮಾಡದ ಗಿಟಾರು. ಅವನು ಕೂತು, ಬೆರಳಲ್ಲೇ ಒಂದು ಸಲ, ಒಂದೇ ಒಂದು ಸಲ ತಂತಿಗಳ ಮೇಲೆ ಕೆಳಕ್ಕೆಳೆದ.

ಅಬ್ಬಾ, ಎಂಥ ಕೆಟ್ಟ ಸದ್ದು! ಕೆಳಗೆ ಅಕ್ಕನ ಮಿಷನ್ ಗಕ್ಕನೆ ನಿಂತಿತು.

"ಕೇಳಿದ್ಯಾ, ಹೇಗೆ ಬಂತು? ಮೊದಲಿನ ಹಾಗೆ ಆಗದೇನೇ ಇರ್ಬಹುದು ಕಣೇ..." ಅಂದ. 'ನೀವು' ಎಲ್ಲಿಗೆ ಹೋಯಿತೋ ಅವನಿಗೂ ತಿಳಿಯಲಿಲ್ಲ.

"ಈ ಸಲ ಪೂರ್ತಿ ಕೇಳ್ದೆ. ಇನ್ನೊಂದು ಟೇಕ್ ತಗೊಳ್ಳೋಣ."

ಅವನು ಸರಿಯಾಗಿ ಕೂರಲು ಹೋದಾಗ ಹಳೇ ಕುರ್ಚಿ ಕಿರ್ರೆಂದಿತು. ಒದ್ದೆ ಕಣ್ಣಲ್ಲೇ ಅವಳ ಕಡೆ ನೋಡಿದ.

"ಕುರ್ಚಿ ಕಿರುಗುಟ್ತು. ಬೈಯಲ್ವಾ?"

ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ, ಚೆಲ್ಲಿದ ಗುಂಡಿಗಳ ನಡುವೆ ಕೂತಳು.

"ಇರ್ಲಿ ಬಿಡಿ," ಅಂದಳು. "ಇದನ್ನ ಕತ್ತರಿಸಲ್ಲ."