ಬೇರು ಸವರಿದ ಈರುಳ್ಳಿ

"ನಿನ್ನ ಓದು ಮುಗಿಯೋ ತನಕ ನಾನು ಮದ್ವೆ ಮಾತು ಎತ್ತಲ್ಲ ಕಣೇ. ನಿನ್ನಾಣೆ!"

ಏಳು ವರ್ಷದ ಹಿಂದೆ, ತರೀಕೆರೆ ಕಾಲೇಜಿನ ಲ್ಯಾಬಿನಲ್ಲಿ ಭೈರೇಶ ಗಾನವಿಗೆ ಕೊಟ್ಟ ಮಾತದು. ಅವಳ ಅಜ್ಜಿ ಈಶ್ವರಮ್ಮ ಕ್ಯಾನ್ಸರಿನಿಂದ ತೀರಿಕೊಂಡ ವರ್ಷವದು. ಅವಳು ಕ್ಯಾನ್ಸರ್ ಸಂಶೋಧನೆಯ ದಾರಿ ಹಿಡಿದಳು. ಅವನು ಅಜ್ಜಂಪುರದ ಹೊಲಕ್ಕೆ ಮರಳಿದ.

ಮಾತು ಎತ್ತಲೇ ಇಲ್ಲ. ಆದರೆ ಅವಳು ಶಿವಮೊಗ್ಗದಲ್ಲಿ ಲ್ಯಾಬು ಸೇರಿದಾಗಿನಿಂದ, ತಿಂಗಳಿಗೊಂದು ಚೀಲ ಔಷಧಿ ಹೊಡೆಯದ ಈರುಳ್ಳಿ ಬಸ್ಸಿಗೆ ಹಾಕುತ್ತಿದ್ದ. ನೀರಿಗಿಟ್ಟರೆ ಅದು ಹೊಸ ಬೇರು ಬಿಡುತ್ತಿತ್ತು. ಆ ಬೇರಿನ ತುದಿಯಲ್ಲಿ ಕೋಶಗಳು ಒಂದು ಎರಡಾಗುತ್ತ ಹೋಗುವುದನ್ನು ಯಾವ ಮದ್ದು ತಡೆದೀತು ಎಂದು ಅವಳು ಹುಡುಕುತ್ತಿದ್ದಳು.

ಈ ಸಲದ ಈರುಳ್ಳಿ ಬೇರು ಬಿಡಲಿಲ್ಲ. ಬುಡವನ್ನೇ ಸವರಿ ಹಾಕಿದ್ದರು!

'ಬೇರು ಕತ್ತರಿಸಿ ಕಳಿಸಿದ್ದಾನೆ... ಇನ್ನು ಸಾಕು ಅಂತಲೇ?'

ಮರುದಿನ ಬೆಳಿಗ್ಗೆ ಅವಳು ಅವನ ಈರುಳ್ಳಿ ಶೆಡ್ಡಿನ ಮುಂದೆ ನಿಂತಿದ್ದಳು.

"ಬೇಡ ಅನ್ನೋದಾದ್ರೆ ಬಾಯಲ್ಲಿ ಹೇಳ್ಬೇಕಿತ್ತು ಭೈರೇಶ!" ಎನ್ನುತ್ತಾ ಚೀಲವನ್ನು ಅವನ ಕಾಲ ಬಳಿ ಸುರಿದಳು.

ಅವನು ಒಂದು ಗಡ್ಡೆ ಎತ್ತಿ ತಿರುಗಿಸಿ ನೋಡಿದ. ಮುಖ ಬಿಳುಚಿತು.

"ಅವ್ವಾ...!"

ಅವನ ತಾಯಿ ಕಮಲಾಕ್ಷಮ್ಮ ಕುಡುಗೋಲು ಹಿಡಿದೇ ಹೊರಬಂದರು.

"ನಾನೇ ಕಣವ್ವ ಸವರಿದ್ದು. ಇವ್ನು ಸಂತೆಗೋಗಿದ್ದ. ಅಷ್ಟು ಓದಿರೋ ಮಗೀಗೆ ಗಡ್ಡ ಬಿಟ್ಕಂಡಿರೋ ಈರುಳ್ಳಿ ಕಳ್ಸದಾ? ಒಂದೊಂದೇ ಕುಂತು ಚೊಕ್ಕ ಮಾಡ್ದೆ. ಗಡ್ಡ ಬಿಟ್ಕಂಡು ತಿರುಗಕ್ಕೆ ಇವನೊಬ್ಬ ಸಾಲ್ದಾ!"

ಗಾನವಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕಮಲಾಕ್ಷಮ್ಮ ಕಾಫಿ ಕಾಯಿಸಲು ಒಳಹೋದರು.

"ಇಷ್ಟು ವರ್ಷ ಮದ್ವೆ ಬಗ್ಗೆ ಒಂದು ಮಾತೂ ಆಡ್ಲಿಲ್ಲ ನೀನು..." ಎಂದಳು ಗಾನವಿ.

"ಆಣೆ ಇಟ್ಟಿದ್ನಲ್ಲ. ನೀನೇ ಹೇಳ್ತಿದ್ದೆ, ಎಲ್ಲಿ ನಿಲ್ಬೇಕು ಅಂತ ಗೊತ್ತಿಲ್ದಿರೋ ಕೋಶನೇ ಕ್ಯಾನ್ಸರ್ ಆಗೋದು ಅಂತ."

"ಎಲ್ಲಾ ಕೋಶಾನೂ ನಿಂತೇ ಬಿಟ್ರೆ ಗಾಯ ಮಾಯಲ್ಲ ಕಣೋ!"

ಅವನು ಕೈಯಲ್ಲಿದ್ದ ಈರುಳ್ಳಿಯನ್ನು ಕೆಳಗಿಟ್ಟ.

"ಓದು ಇನ್ನೆಷ್ಟು ದಿನ ಐತೆ?"

"ಒಂದು ವರ್ಷ. ಹೆಚ್ಚೂ ಆಗ್ಬೋದು."

"ನನ್ನ ಮದ್ವೆ ಆಗ್ತೀಯಾ, ಗಾನವಿ?"

"ಆಗ್ತೀನಿ... ಚೀಲ ಮಾತ್ರ ನೀನೇ ತುಂಬಬೇಕು."

ಅವಳ ಓದು ಮುಗಿದಿರಲಿಲ್ಲ. ಭೈರೇಶ ಮಾತಿಗೆ ತಪ್ಪಿದ.