ಏರದ ಮಿಡಿತ

ಹ್ಯಾಮಿಶ್ ಮೊದಲ ಸಲ ಪ್ರಯೋಗಾಲಯದಲ್ಲಿ ನನ್ನ ಎದುರು ಮಲಗಿದಾಗ ಮಾತನಾಡುವಂತಿರಲಿಲ್ಲ. ಪರೀಕ್ಷೆಯ ನಿಯಮ ಅದು. ಖಾಲಿ ಹೊಟ್ಟೆಯಲ್ಲಿ ಬರಬೇಕು, ಅಲುಗಾಡದೆ ಮಲಗಬೇಕು. ತಲೆಯ ಮೇಲೊಂದು ಪಾರದರ್ಶಕ ಗುಮ್ಮಟ. ಅದರೊಳಗೆ ಬಿಟ್ಟ ಉಸಿರನ್ನು ಯಂತ್ರ ಅಳೆದು, ಸುಮ್ಮನೆ ಬದುಕಿರುವುದಕ್ಕೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತಿದೆಯೆಂದು ಹೇಳುತ್ತದೆ.

ಬಾಯಿ ಕಟ್ಟಿದವನು ಕಣ್ಣಿನಲ್ಲಿ ಕೀಟಲೆ ಮಾಡಿದ. ನಾನು ಗಡಿಯಾರ ನೋಡಿದರೆ ಅವನೂ ನೋಡಿದ. ನಾನು ಹುಬ್ಬು ಗಂಟಿಕ್ಕಿದರೆ ಅವನೂ ಗಂಟಿಕ್ಕಿದ. ನಗು ತಡೆಯಲಾಗದೆ ಕಿಟಕಿಯತ್ತ ತಿರುಗಿದೆ.

ಗುಮ್ಮಟ ತೆಗೆದೊಡನೆ ಕೇಳಿದ: "ನಕ್ಕಿದ್ರೆ ಪರೀಕ್ಷೆ ಕೆಡ್ತಿತ್ತಾ?"

"ನೀನು ನಕ್ಕಿದ್ರೆ ಕೆಡ್ತಿತ್ತು."

"ಮತ್ತೆ ನೀನ್ಯಾಕೆ ತಡ್ಕೊಂಡೆ, ಟ್ಯಾಮ್ಸಿನ್?"

ನನ್ನ ಹೆಸರನ್ನು ಕೋಟಿನ ಮೇಲಿನ ಪಟ್ಟಿಯಿಂದ ಓದಿಕೊಂಡಿದ್ದ. ನಾನು ಹತ್ತಿರ ಹೋದಾಗಲೆಲ್ಲ ಪರದೆಯ ಮೇಲೆ ಅವನ ನಾಡಿ ಏಳೆಂಟು ಮಿಡಿತ ಏರಿತ್ತು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ.

ಅವನ ಜೋಡಿ ಡಾರ್ಸಿ ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಒಂದೇ ದೋಣಿಗೆ ಹುಟ್ಟು ಹಾಕುವವರು.

"ನಾಡಿ ಎಷ್ಟು ಬಂತೋ?"

"ನಲವತ್ತೆರಡು."

"ಥೂ, ಆಮೆ ನನ್ಮಗನೇ! ಮತ್ತೆ ನಾನೇ ಬಿಯರ್ ಕೊಡಿಸ್ಬೇಕು."

ಹೋಬಾರ್ಟಿನ ಅವರ ಕ್ಲಬ್ಬಿನಲ್ಲಿ ಅದು ರೂಢಿ. ಎದ್ದ ತಕ್ಷಣ, ಹಾಸಿಗೆ ಬಿಡುವ ಮೊದಲು, ಎಲ್ಲರೂ ನಾಡಿ ಎಣಿಸಿಕೊಳ್ಳಬೇಕು. ಅತಿ ಕಡಿಮೆ ಬಂದವನಿಗೆ ಉಳಿದವರು ಬಿಯರ್ ಕೊಡಿಸಬೇಕು. ಪ್ರತಿ ವಾರವೂ ಹ್ಯಾಮಿಶನೇ ಗೆಲ್ಲುತ್ತಿದ್ದ. ಬಿಯರನ್ನು ಮಾತ್ರ ಎಂದೂ ಕುಡಿಯಲಿಲ್ಲ. ಗ್ಲಾಸನ್ನು ಮೆಲ್ಲಗೆ ನನ್ನತ್ತ ತಳ್ಳುತ್ತಿದ್ದ.

ಆ ಬೇಸಿಗೆ ನಾವು ಸಂಜೆಗಳಲ್ಲಿ ಡರ್ವೆಂಟ್ ನದಿಯ ದಡದಲ್ಲಿ ನಡೆದೆವು. ನಾನು ತೋಳಿಲ್ಲದ ಅಂಗಿಯಲ್ಲಿರುತ್ತಿದ್ದೆ, ಅವನು ಉಣ್ಣೆಯ ಸ್ವೆಟರಿನಲ್ಲಿ. ಬಂದರಿನ ಗಾಡಿಯಲ್ಲಿ ನಾನು ಮಾಂಸ ತುಂಬಿ ಬೇಯಿಸಿದ ಬಿಸಿ ಪೈ ಕೊಂಡರೆ ಅವನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದ. ಬೆರಳು ಬೆಚ್ಚಗಾದ ಮೇಲೆ, ಒಂದು ತುತ್ತೂ ಮುರಿಯದೆ, ನನಗೇ ಕೊಡುತ್ತಿದ್ದ.

"ತಿನ್ನೋದು ಬಿಟ್ಟು ಕೈ ಕಾಯಿಸ್ಕೋತೀಯಲ್ಲೋ!"

"ನಿನ್ನ ಕೈ ಹಿಡಿಯೋಕೆ ಬೆಚ್ಚಗಿರ್ಬೇಕಲ್ವಾ?"

ಎಷ್ಟು ಚೆಂದದ ಮಾತು. ನಾನು ನಾಚಿದೆ. ಆದರೆ ಒಳಗೆಲ್ಲೋ ಏನೋ ತಣ್ಣಗೆ ಕೂತಿತು.

ಅವರದು ಹಗುರ ತೂಕದ ವಿಭಾಗ. ಇಬ್ಬರ ಸರಾಸರಿ ಎಪ್ಪತ್ತು ಕಿಲೋ ಮೀರಬಾರದು. ಡಾರ್ಸಿಯದು ದಪ್ಪ ಮೂಳೆ, ಎಷ್ಟು ಒದ್ದಾಡಿದರೂ ಇಳಿಯದು. ಅವನ ಹೆಚ್ಚಿನ ಭಾರವನ್ನೂ ಹ್ಯಾಮಿಶನೇ ತನ್ನ ಮೈಯಿಂದ ತೆಗೆಯುತ್ತಿದ್ದ.

ರಾಜ್ಯ ಸ್ಪರ್ಧೆ ಹತ್ತಿರವಾದಾಗ ಎರಡನೆಯ ಪರೀಕ್ಷೆಗೆ ಬಂದ. ಈ ಸಲ ಕೀಟಲೆಯಿಲ್ಲ, ಕಣ್ಣು ಸುಮ್ಮನೆ ಚಾವಣಿಯ ಮೇಲಿತ್ತು. ನಾಡಿ ಮೂವತ್ತೊಂದು. ನಾನು ಹತ್ತಿರ ಹೋದೆ. ಮೂವತ್ತೊಂದು. ನಿಯಮ ಮೀರಿ ಅವನ ಕೈ ಹಿಡಿದೆ, ಬೆರಳುಗಳ ನಡುವೆ ಬೆರಳಿಟ್ಟೆ. ಪರದೆಯ ಗೆರೆ ಹಾಗೇ ಸಾಗಿತು, ಪಕ್ಕದಲ್ಲಿ ಯಾರೂ ಇಲ್ಲವೆಂಬಂತೆ.

ಗುಮ್ಮಟ ತೆಗೆದು ಹೇಳಿದೆ: "ನಿನ್ನ ಎತ್ತರ, ತೂಕ, ವಯಸ್ಸಿಗೆ ಸೂತ್ರದ ಅಂದಾಜು ಸಾವಿರದ ಏಳುನೂರು ಕ್ಯಾಲೊರಿ. ನಿನ್ನ ಮೈ ಖರ್ಚು ಮಾಡ್ತಿರೋದು ಸಾವಿರದ ಇನ್ನೂರು."

"ಅಂದ್ರೆ ನನ್ನ ಗಾಡಿ ಒಳ್ಳೆ ಮೈಲೇಜ್ ಕೊಡ್ತಿದೆ!"

"ತಮಾಷೆ ಬೇಡ ಕಣೋ. ಎಣ್ಣೆ ತೀರ್ತಾ ಬಂದಿರೋ ಮನೇಲಿ ಒಂದೊಂದೇ ಕೋಣೆ ದೀಪ ಆರಿಸ್ತಾರಲ್ಲ, ನಿನ್ನ ಮೈ ಹಾಗೆ ಮಾಡ್ತಿದೆ."

"ನಾಡಿ ನಿಧಾನ ಇದ್ದಷ್ಟೂ ಒಳ್ಳೇದು ಅಂತ ನೀವೇ ತಾನೆ ಹೇಳೋದು?"

"ಚೆನ್ನಾಗಿ ತಿಂದು ಹುಟ್ಟು ಹಾಕೋನಿಗೆ ಒಳ್ಳೇದು. ಹಸಿದು ಬತ್ತಿದವನಿಗೂ ನಿಧಾನವೇ ಆಗುತ್ತೆ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ." ನಾನು ಪರದೆಯತ್ತ ಬೆರಳು ತೋರಿಸಿದೆ. "ನಾನು ಕೈ ಹಿಡಿದ್ರೂ ಒಂದು ಮಿಡಿತ ಏರ್ಲಿಲ್ಲ, ಹ್ಯಾಮಿಶ್."

ಅವನ ಮುಖ ಇಳಿಯಿತು. "ನಾನು ನಿನ್ನ ಪ್ರೀತಿಸ್ತಿಲ್ಲ ಅಂತೀಯಾ?"

"ಪ್ರೀತಿಸೋಕೂ ನಿನ್ನಲ್ಲಿ ಏನೂ ಉಳಿದಿಲ್ಲ ಅಂತೀನಿ. ನಾಳೆನೇ ಹೃದಯದ ಡಾಕ್ಟರ ಹತ್ರ ಹೋಗೋಣ."

"ರೇಸ್ ಮುಗೀಲಿ. ಡಾರ್ಸಿ ಮೂರು ವರ್ಷದಿಂದ ಕಾಯ್ತಿದ್ದಾನೆ."

ಎದ್ದವನು ಗೋಡೆ ಹಿಡಿದು ನಿಂತ. ಕಣ್ಣಿನ ಕತ್ತಲೆ ಹೋಗುವವರೆಗೆ ಕಾಯುತ್ತಿದ್ದಾನೆಂದು ನನಗೆ ತಿಳಿಯಿತು. ಆಮೇಲೆ ಮುಗುಳ್ನಕ್ಕು ಹೊರಟುಹೋದ. ಸ್ಪರ್ಧೆಯ ದಿನದವರೆಗೆ ನನ್ನ ಫೋನ್ ಎತ್ತಲಿಲ್ಲ.

ಬ್ಯಾರಿಂಗ್ಟನ್ ಸರೋವರದ ನೀರು ಆ ಬೆಳಿಗ್ಗೆ ಕಪ್ಪಗಿತ್ತು. ದಡದ ಡೇರೆಯಲ್ಲಿ ತಕ್ಕಡಿ. ಹೊರಗೆ ತಾಯಂದಿರು, ಗೆಳತಿಯರು ಡಬ್ಬಿ ಹಿಡಿದು ನಿಂತಿದ್ದರು. ಹುಡುಗರು ತಕ್ಕಡಿ ಇಳಿದು ಬಂದ ಮೇಲೆಯೇ ಮುಚ್ಚಳ ತೆರೆಯಬೇಕು. ಮೊದಲೇ ತಿಂದರೆ ತೂಕ ಮೀರಿ ಸ್ಪರ್ಧೆ ತಪ್ಪುತ್ತದೆ. ಹಸಿದವರ ಮುಂದೆ ಮೊದಲೇ ತೆರೆಯುವುದು ಅಪಶಕುನ, ಕ್ರೌರ್ಯ ಕೂಡ.

ನಾನು ತೂಕಕ್ಕೆ ನಿಂತವರ ಸಾಲಿನ ನಡುವೆ ಹೋಗಿ, ಹ್ಯಾಮಿಶನ ಮುಂದೆ ನಿಂತು, ಡಬ್ಬಿ ತೆರೆದೆ. ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಪುಡಿಂಗ್.

"ಏಯ್ ಟ್ಯಾಮ್, ಮುಚ್ಚೇ ಅದನ್ನ!" ಡಾರ್ಸಿ ಕಿರುಚಿದ. "ತಲೆ ಕೆಟ್ಟಿದೆಯಾ ನಿಂಗೆ?"

ಹ್ಯಾಮಿಶ್ ಬಿಸಿಲಿನಲ್ಲಿ ಎರಡು ಸ್ವೆಟರ್ ತೊಟ್ಟು ನಡುಗುತ್ತಿದ್ದ. ತುಟಿ ನೀಲಿಯಾಗಿತ್ತು.

"ಇವತ್ತು ನಿನ್ನ ಹೃದಯ ನಿಂತ್ರೆ," ನಾನೆಂದೆ, "ಡಾರ್ಸಿ ಇನ್ನೊಬ್ಬ ಜೋಡಿ ಹುಡುಕ್ಕೋತಾನೆ. ನಾನು ಹುಡುಕಲ್ಲ. ನನಗೆ ನೀನೇ ಬೇಕು."

ಅಧಿಕಾರಿ ಅವರಿಬ್ಬರ ಹೆಸರು ಕೂಗಿದ. ಹ್ಯಾಮಿಶ್ ಡೇರೆಯತ್ತ ನೋಡಿದ. ಡಾರ್ಸಿಯನ್ನು ನೋಡಿದ. ಡಾರ್ಸಿ ಮತ್ತೆ ಬೈಯಲು ಬಾಯಿ ತೆರೆದವನು, ಗೆಳೆಯನ ತುಟಿಯನ್ನು ಆಗಷ್ಟೇ ಕಂಡವನಂತೆ ಒಂದು ಹೆಜ್ಜೆ ಹಿಂದೆ ಸರಿದ.

ಎರಡನೆಯ ಸಲ ಹೆಸರು ಕೂಗಿದರು.

ಹ್ಯಾಮಿಶ್ ಚಮಚ ತೆಗೆದುಕೊಂಡ. ಮೊದಲ ತುತ್ತು ಬಾಯಲ್ಲಿಟ್ಟು ಕಣ್ಣು ಮುಚ್ಚಿದ. ನುಂಗಲು ಬಹಳ ಹೊತ್ತು ಬೇಕಾಯಿತು.

"ಸಿಹಿ ಜಾಸ್ತಿ ಆಯ್ತು ಕಣೇ," ಎಂದ. ಕೆನ್ನೆ ಒದ್ದೆಯಾಗಿತ್ತು.

"ಬೈಕೊಂಡೇ ತಿನ್ನು. ಸ್ವಲ್ಪ ಸ್ವಲ್ಪ."

ಡಾರ್ಸಿ ಹುಟ್ಟನ್ನು ಹುಲ್ಲಿನ ಮೇಲೆ ಎಸೆದ. ಕಣ್ಣೊರೆಸಿಕೊಂಡು ಕಾರಿನ ಕೀಲಿ ತೆಗೆದ. "ಆಸ್ಪತ್ರೆ ಯಾವ ಕಡೆ? ಹತ್ತಿ ಇಬ್ರೂ."

ಹಿಂದಿನ ಸೀಟಿನಲ್ಲಿ ಹ್ಯಾಮಿಶ್ ನನ್ನ ಹೆಗಲಿಗೆ ತಲೆಯಿಟ್ಟ. ಅಷ್ಟು ಹಗುರವಾಗಿತ್ತು ಆ ತಲೆ.

"ನನ್ನ ಮದುವೆ ಆಗ್ತೀಯಾ ಟ್ಯಾಮ್?"

"ಹೂಂ. ಆಗ್ತೀನಿ."

ಅವನು ಇನ್ನಷ್ಟು ಒರಗಿದ. ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟೆ; ನಿಧಾನವಾಗಿ ಮಿಡಿಯುತ್ತಿದ್ದ ನಾಡಿ ನನ್ನ ಆ ಮಾತಿಗೂ ಏರಲಿಲ್ಲ. ಡಾರ್ಸಿ ಕನ್ನಡಿಯಲ್ಲಿ ಅವನ ಮುಖ ನೋಡಿದ. ಆಮೇಲೆ ನನ್ನನ್ನು ನೋಡಿದ. ಕಾರಿನ ವೇಗ ಹೆಚ್ಚಿಸಿದ.