ಹನ್ನೆರಡು ಮೀಟರ್ ಹಿಂದೆ

"ಇಲ್ಲಿದ್ದ ಗಡಿಕಲ್ಲನ್ನ ಕಿತ್ತಿದ್ದು ಯಾರು?"

ಕೆರೆಯ ಬಳಿಯ ಕೆಸರಿನಲ್ಲಿ, ಖಾಲಿ ಗುಂಡಿಯ ಮುಂದೆ ನಿಂತು ಅವಳು ಕೇಳಿದ ರೀತಿಗೆ ಗಾರೆ ಕಲಸುತ್ತಿದ್ದವರ ಕೈ ನಿಂತುಹೋಯಿತು.

"ನಾನೇ," ಎಂದು ಒಬ್ಬ ಮುಂದೆ ಬಂದ. ಕಂಕುಳಲ್ಲಿ ಸುತ್ತಿಟ್ಟ ನಕ್ಷೆ. "ಇಲ್ಲಿನ ಇಂಜಿನಿಯರ್."

ಅಯ್ಯೋ... ಇವನೇನಾ ಅವನು?

ಅವಳು ನಗರಸಭೆಯ ಸರ್ವೇಯರ್. ಒಂದಿಂಚೂ ಬಿಟ್ಟುಕೊಡದವಳೆಂದು ಕಚೇರಿಯವರು ಬೆನ್ನ ಹಿಂದೆ ಅವಳನ್ನು 'ಟೇಪಮ್ಮ' ಎನ್ನುತ್ತಿದ್ದರು. ನಲವತ್ತು ಮನೆಗಳ ಈ ಬಡಾವಣೆಯ ಕಡತದಲ್ಲಿ ಆರು ತಿಂಗಳಿಂದ ಅವಳು ಪ್ರಶ್ನೆ ಬರೆಯುವುದು, ಈ ಇಂಜಿನಿಯರ್ ಉತ್ತರ ಬರೆಯುವುದು ನಡೆದಿತ್ತು. ಅವನ ಮುಖ ಮಾತ್ರ ಅವಳು ನೋಡಿರಲಿಲ್ಲ. 'ಬಾತುಕೋಳಿ ಮೊಟ್ಟೆಯಿಡುವ ತಿಂಗಳು ಯಂತ್ರ ನಿಲ್ಲಿಸುತ್ತೇವೆ' ಎಂದು ದುಂಡಗೆ ಬರೆದವನು ಅವಳಿಗೆ ಎಷ್ಟು ಹಿಡಿಸಿದ್ದನೆಂದರೆ, ಆ ಕಡತ ಬಂದ ದಿನ ಊಟದ ಡಬ್ಬಿ ತೆರೆಯಲೂ ಮರೆಯುತ್ತಿದ್ದಳು.

ನೀರಿನ ಅಂಚಿನಿಂದ ಮೂವತ್ತು ಮೀಟರಿನೊಳಗೆ ಮನೆ ಕಟ್ಟುವಂತಿಲ್ಲ. ಅಳೆದು ಆ ಕಲ್ಲು ನೆಡಿಸಿದವಳು ಅವಳೇ.

"ಮೇಡಂ, ಒಂದ್ಸಲ ನಾನು ಹೇಳೋದು ಕೇಳಿ..."

"ಏನು ಕೇಳೋದು? ನೀವು ಬರೆಯೋದೊಂದು, ಮಾಡೋದೊಂದು. ನಾಳೆನೇ ಕೆಲಸ ನಿಲ್ಲಿಸೋಕೆ ವರದಿ ಕೊಡ್ತೀನಿ."

ಹೇಳಿ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಕಣ್ಣು ಉರಿಯುತ್ತಿತ್ತು.

ಮನೆಯಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಬಾಡಿಗೆ ಮನೆ ಬದಲಿಸಿ ಬದಲಿಸಿ ಸುಸ್ತಾಗಿದ್ದ ಅಕ್ಕ-ಭಾವನಿಗೂ ಆ ನಲವತ್ತರಲ್ಲಿ ಒಂದು ಮನೆ ಇತ್ತು. ಕೆಲಸ ನಿಂತರೆ ಅದೂ ನಿಂತಂತೆ. ಆದರೆ ಅಕ್ಕ ಅದರ ಮಾತೆತ್ತಲಿಲ್ಲ.

"ಕಿತ್ತ ಕಲ್ಲು ಎಲ್ಲಿಗೆ ಹೋಯ್ತು?"

"ನೋಡಲಿಲ್ಲ. ಕೆರೆ ಕಡೆಗೇ ಸರಿಸಿರ್ತಾನೆ, ಇನ್ನೆಲ್ಲಿಗೆ?"

"ಚೆನ್ನಾಗಿದೆ. ಟೇಪಮ್ಮ ಅಳೆಯದೇ ತೀರ್ಪು ಕೊಟ್ಟು ಬಂದಳಂತೆ. ಕೋಪದ ಕೈಗೆ ಬುದ್ಧಿ ಕೊಡಬೇಡ ಕಣೇ. ವರದಿ ಆಮೇಲೆ, ಮೊದಲು ಹೋಗಿ ನೋಡು."

ಬೆಳಿಗ್ಗೆ ಹೋದಳು. ಕೆರೆಯ ಕಡೆ ಎಷ್ಟು ಹುಡುಕಿದರೂ ಕಲ್ಲಿಲ್ಲ. ತಿರುಗಿ ನೋಡಿದರೆ, ಮನೆಗಳು ಏಳಬೇಕಾದ ಜಾಗದಲ್ಲಿ ಕಲ್ಲು ನೆಟ್ಟಗೆ ನಿಂತಿದೆ! ಹಳೇ ಗುಂಡಿಯಿಂದ ಟೇಪು ಹಿಡಿದಳು. ಹನ್ನೆರಡು ಮೀಟರ್. ಅವನು ಸರಿಸಿದ್ದು ಕೆರೆಯ ಕಡೆಗಲ್ಲ, ತನ್ನ ಬಡಾವಣೆಯ ಒಳಕ್ಕೆ.

"ನೀವು ಅಳೆದಿದ್ದು ಬೇಸಿಗೆಯಲ್ಲಿ." ಅವನು ಯಾವಾಗ ಬಂದು ನಿಂತನೋ. ಹಳೇ ಪಂಪ್‌ಹೌಸಿನ ಗೋಡೆಯ ಮೇಲಿನ ಪಾಚಿಯ ಗೆರೆ ತೋರಿಸಿದ. "ಕೆರೆ ತುಂಬಿದಾಗ ನೀರು ಅಲ್ಲಿವರೆಗೂ ಬರುತ್ತೆ, ಹನ್ನೆರಡು ಮೀಟರ್ ಮುಂದಕ್ಕೆ."

ಅವಳು ಆ ಗೆರೆಯನ್ನು ನೋಡಿದಳು. ತಪ್ಪು ತನ್ನದೇ.

"ಮತ್ತೆ ಈ ಹನ್ನೆರಡು ಮೀಟರಲ್ಲಿ ಬರಬೇಕಿದ್ದ ಕೊನೇ ಸಾಲಿನ ಎಂಟು ಮನೆ?"

"ಉಳಿದ ಮನೆಗಳ ಮೇಲೆ ಮಹಡಿಯಾಗಿ ಹೋಗುತ್ತೆ. ಬಡಾವಣೆ ಯಜಮಾನರು ಗೊಣಗಿದ್ರು, ಆಮೇಲೆ ಒಪ್ಪಿದ್ರು. ನಲವತ್ತಕ್ಕೆ ಒಂದೂ ಕಮ್ಮಿ ಆಗಲ್ಲ." ಅವನು ತಲೆ ತಗ್ಗಿಸಿದ. "ನೀವು ಸುಮ್ಮನಿದ್ದುಬಿಡಿ ಮೇಡಂ. ಅಳತೆ ತಪ್ಪಿದ್ದು ಯಾರಿಗೂ ಗೊತ್ತಾಗಲ್ಲ."

ಸುಮ್ಮನಿರಬಹುದಿತ್ತು. ಆದರೆ ಕಾಗದದಲ್ಲಿ ಹಳೇ ಗಡಿ ಗೆರೆಯೇ ಉಳಿದರೆ, ನಾಳೆ ಪಕ್ಕದ ಜಾಗಕ್ಕೆ ಬರುವವನು ಕೆರೆಯೊಳಗೇ ಮನೆ ಕಟ್ಟುತ್ತಾನೆ.

ಅಂದೇ ಮಧ್ಯಾಹ್ನ 'ನನ್ನ ಅಳತೆ ತಪ್ಪಾಗಿದೆ' ಎಂದು ಬರೆದು ಮೇಲಧಿಕಾರಿಯ ಮುಂದಿಟ್ಟಳು. ಬೈಗುಳ ಬಿತ್ತು. ಕಚೇರಿಯವರು ಎರಡು ದಿನ ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ಮೂರನೇ ವಾರ ಹೊಸ ಗೆರೆಗೆ ಮಂಜೂರಾತಿ ಸಿಕ್ಕಿತು, ಹೊಸ ನಕ್ಷೆಗೂ ಸಿಕ್ಕಿತು. ಅದರಲ್ಲಿ ಅಕ್ಕನ ಮನೆ ಮಹಡಿಗೆ ಹೋಗಿತ್ತು. ಮೆಟ್ಟಿಲು ಹತ್ತಬೇಕಲ್ಲ ಎಂದು ಅಕ್ಕ ಒಂದು ಸಂಜೆ ಗೊಣಗಿದಳು. ಅಡುಗೆಮನೆಯ ಕಿಟಕಿಯಿಂದ ಕೆರೆ ಕಾಣುತ್ತದೆ ಎಂದು ಗೊತ್ತಾದ ಮೇಲೆ ಮೆಟ್ಟಿಲಿನ ಮಾತು ಬರಲಿಲ್ಲ.

ಮಂಜೂರಾತಿಯ ಸುದ್ದಿಯನ್ನು ಅವನಿಗೆ ಹೇಳಲು ಟೇಪಮ್ಮ ತಾನೇ ಕೆರೆಗೆ ಹೋದಳು. ಅವನು ಮಂಜೂರಾತಿಯ ಕಾಗದ ಓದಿ, ಮಡಿಸಿ ವಾಪಸ್ ಕೊಟ್ಟ.

"ಅವತ್ತು ಬಾಯಿಗೆ ಬಂದಂಗೆ ಅಂದೆ. ತಪ್ಪಾಯ್ತು," ಎಂದಳು.

"ತಪ್ಪು ನಂದೂ ಇದೆ. ಮೊದಲೇ ಹೇಳಬೇಕಿತ್ತು. ಎರಡು ಸಲ ಆಫೀಸ್ ಬಾಗಿಲವರೆಗೂ ಬಂದಿದ್ದೆ. ನಿಮ್ಮನ್ನ ನೋಡಿ ಹಾಗೇ ವಾಪಸ್ ಹೋದೆ."

"ನನ್ನ ಕಂಡ್ರೆ ಅಷ್ಟು ಭಯಾನಾ?"

"ಭಯ ಅಲ್ಲ... ಇಷ್ಟ. ಅಳತೆ ತಪ್ಪು ಅಂದ್ರೆ ನೀವು ಮತ್ತೆ ನಂಗೆ ಒಂದು ಸಾಲೂ ಬರೆಯಲ್ಲ ಅನ್ನಿಸ್ತು."

ಅವಳ ಕೆನ್ನೆ ಬಿಸಿಯಾಯಿತು. ಇಷ್ಟು ದಿನ ತಾನೊಬ್ಬಳೇ ಎಂದುಕೊಂಡಿದ್ದಳು!

"ಇನ್ಮೇಲೆ ನಾನು ತಪ್ಪಿದ್ರೆ ಮುಚ್ಚಿಡಬೇಡಿ. ಆಗಿಂದಾಗ್ಲೇ ಹೇಳಿ."

"ಆಗಿಂದಾಗ್ಲೇ ಹೇಳೋಕೆ ನಾನು ದಿನಾ ನಿಮ್ಮ ಪಕ್ಕದಲ್ಲೇ ಇರಬೇಕಾಗುತ್ತಲ್ಲ."

ಅವಳು ಕೆರೆಯ ಕಡೆ ಮುಖ ತಿರುಗಿಸಿ ನಕ್ಕಳು.

"ಇರಿ. ಬೇಡ ಅಂದವರು ಯಾರು?"